ಗಂಗಹನುಮಯ್ಯನವರ ಸಹಿಯ ವಿಷಯ

ಹೆಸರು ವಿಮಲಮ್ಮ, ಗಂಡ ದಿವಂಗತ ನಾಗರಾಜು. ವಯಸ್ಸು 61 ವರ್ಷ. ಕಸುಬು ಮನೆ ನೋಡಿಕೊಳ್ಳುವುದು, ಮಹಡಿಯನ್ನು ಬಾಡಿಗೆಗೆ ಕೊಟ್ಟು ಜೀವನ. ವಾಸ ಮನೆ ನಂಬರ್ 27, ಮೂರನೇ ಅಡ್ಡರಸ್ತೆ, ಕೆಂಗೇರಿ ಹಳೇ ಊರು, ಬೆಂಗಳೂರು.

ನಾನು ಈ ದಿನ 14-11-2025, ಶುಕ್ರವಾರ, ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ, ಯಾರೂ ಕರೆಯದೆ ಠಾಣೆಗೆ ಬಂದು, ಹೆಡ್ ಕಾನ್‌ಸ್ಟೇಬಲ್ ಶಿವಬಸಪ್ಪನವರ ಮುಂದೆ ಕುಳಿತು ಹೇಳಿ ಬರೆಸುತ್ತಿರುವುದು ಏನೆಂದರೆ:

ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮಲಾವಿ ದೇಶದ ವಿದ್ಯಾರ್ಥಿನಿ ಚಿಸೋಮೊ ಫಿರಿ, 23 ವರ್ಷ, ಬ್ಯಾಂಕ್ ಖಾತೆ ತೆರೆಯುವುದಕ್ಕಾಗಿ ಸತ್ತುಹೋದ ಗಂಗಹನುಮಯ್ಯ ಎಂಬುವವರ ಸಹಿಯನ್ನು ನಕಲು ಮಾಡಿದ್ದಾಳೆ ಎಂದು ಬ್ಯಾಂಕಿನ ಮ್ಯಾನೇಜರ್ ಮೋಹನ್ ಕುಮಾರ್ ನಿನ್ನೆ ಇದೇ ಠಾಣೆಗೆ ದೂರು ಕೊಟ್ಟಿದ್ದಾರೆ. ಆ ಸಹಿ ಹಾಕಿದ್ದು ಅವಳಲ್ಲ, ನಾನು. ಇಷ್ಟನ್ನು ಬರೆದುಕೊಂಡು ಅವಳ ಪಾಸ್‌ಪೋರ್ಟ್ ವಾಪಸ್ ಕೊಟ್ಟುಬಿಡಿ ಎಂದು ಕೇಳಿದೆ. ಶಿವಬಸಪ್ಪನವರು, "ಹಂಗ ಆಗೂದಿಲ್ರೀ ಅಮ್ಮಾರ. ಮೊದಲಿಂದ ಹೇಳ್ರಿ, ಟೈಮ್ ಸಮೇತ ಹೇಳ್ರಿ" ಎಂದರು. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಗಂಗಹನುಮಯ್ಯನವರು ನನ್ನ ಮಾವ. ಮನೆ ಅವರು ಕಟ್ಟಿಸಿದ್ದು. ಅವರು 11-03-2006ರಂದು ತೀರಿಕೊಂಡರು. ಮುಂಭಾಗದಲ್ಲಿ ನನ್ನ ಮೈದುನ ಚನ್ನಕೇಶವ ಇದ್ದಾನೆ, ಹಿಂಭಾಗದಲ್ಲಿ ನಾನಿದ್ದೇನೆ. ಮನೆ ಇವತ್ತಿಗೂ ಪಾಲಾಗಿಲ್ಲ. ರಸ್ತೆ ಕಡೆಯದೆಲ್ಲ ತನಗೇ ಬೇಕು ಎಂದು ಚನ್ನಕೇಶವ ಹತ್ತೊಂಬತ್ತು ವರ್ಷದಿಂದ ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಅಪ್ಪನ ತಿಥಿಗೆ ಮಾತ್ರ ಎರಡು ಸಲ ವಡೆ ಹಾಕಿಸಿಕೊಂಡು ತಿನ್ನುತ್ತಾನೆ. ಈ ಕಾರಣದಿಂದ ಕರೆಂಟ್ ಮೀಟರು, ನೀರಿನ ಮೀಟರು, ಕಂದಾಯ ಎಲ್ಲವೂ ಇಂದಿಗೂ ಮಾವನವರ ಹೆಸರಿನಲ್ಲೇ ಇವೆ.

ಮನೆಯ ಕಾಗದಕ್ಕೆ ಯಜಮಾನರ ಸಹಿ ಬೇಕಾದಾಗಲೆಲ್ಲ ಮಾವನವರ ಸಹಿಯನ್ನು ನಾನೇ ಹಾಕುತ್ತಾ ಬಂದಿದ್ದೇನೆ. ಹಳೆ ಮೀಟರ್ ಬದಲಾಯಿಸುವಾಗ ಹಾಕಿದೆ, ನೀರಿನ ಪೈಪು ಹೊಸದಾಗಿ ಎಳೆಸುವಾಗ ಹಾಕಿದೆ. ಹಾಕಿಸಿಕೊಂಡವರಿಗೂ ಗೊತ್ತಿತ್ತು, ಹಾಕಿದ ನನಗೂ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಹೀಗೆ ಮೀಟರಿನಲ್ಲಿ ಬದುಕಿರುವ ಹಿರಿಯರು ಮನೆಗೊಬ್ಬರು ಸಿಗುತ್ತಾರೆ. ನಾನು ಕದ್ದು ಹಾಕಿದವಳಲ್ಲ. ಎರಡೂ ಭಾಗಕ್ಕೆ ಸೇರಿದ ನಡುಮನೆಯಲ್ಲಿ ಮಾವನವರ ಫೋಟೊ ಇದೆ. ಅದರ ಮುಂದೆ ಕುಳಿತು, ಇಂಥದ್ದಕ್ಕೆ ಸಹಿ ಹಾಕುತ್ತಿದ್ದೇನೆ ಎಂದು ಕೇಳಿಯೇ ಹಾಕುವುದು ರೂಢಿ. ಕೇಳಿ ಹಾಕಿದರೆ ಅಪರಾಧ ಕಡಿಮೆಯಾಗುತ್ತದೆಯೇ ಎಂದು ಶಿವಬಸಪ್ಪನವರನ್ನು ವಿಚಾರಿಸಿದೆ. ಅವರು ಹಾಳೆ ತಿರುಗಿಸಿದರು.

ಇದೇ ಬ್ಯಾಂಕಿನ ಇದೇ ಶಾಖೆಯಲ್ಲಿ ಮಾವನವರ ಉಳಿತಾಯ ಖಾತೆ ಇದೆ. 03-04-2006ರಂದು ನನ್ನ ಗಂಡ ಮತ್ತು ನಾನು ಹೋಗಿ ಮರಣ ಪ್ರಮಾಣಪತ್ರದ ನಕಲು ಕೊಟ್ಟು, ಖಾತೆ ಮುಚ್ಚಿ ಎಂದು ಕೇಳಿದೆವು. ಮಕ್ಕಳೆಲ್ಲರೂ ಸಹಿ ಹಾಕಬೇಕು ಎಂದರು. ಚನ್ನಕೇಶವ ಹಾಕಲಿಲ್ಲ. ಖಾತೆ ಹಾಗೆಯೇ ಉಳಿಯಿತು. ಆ ದಿನ ಫಾರಂನಲ್ಲಿ ಬರೆದುಕೊಟ್ಟ ಮೊಬೈಲ್ ನಂಬರ್ ಈಗ ನನ್ನ ಬಳಿ ಇದೆ. ಪ್ರತಿ ವರ್ಷ ಜೂನ್ 1ರಂದು, ಪ್ರಿಯ ಗಂಗಹನುಮಯ್ಯನವರೇ, ನಿಮಗೆ ಹುಟ್ಟುಹಬ್ಬದ ಶುಭಾಶಯಗಳು ಎಂದು ಬ್ಯಾಂಕಿನಿಂದ ಮೆಸೇಜ್ ಬರುತ್ತದೆ. ಮಾವನವರು ಹುಟ್ಟಿದ ತಾರೀಕು ಅವರ ತಾಯಿಗೇ ಗೊತ್ತಿರಲಿಲ್ಲ.

ಚಿಸೋಮೊ ನಮ್ಮ ಮನೆಗೆ ಬಂದದ್ದು 09-06-2024ರ ಭಾನುವಾರ, ಬೆಳಿಗ್ಗೆ ಸುಮಾರು 11 ಗಂಟೆಗೆ. ಮೈಸೂರು ರಸ್ತೆಯ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು. ಗೇಟಿನ ಮೇಲೆ ಮನೆ ಬಾಡಿಗೆಗಿದೆ ಎಂಬ ಬೋರ್ಡು ನೇತಾಡುತ್ತಿತ್ತು. ನಾನು ಅವಳ ಮುಖ ನೋಡಿ ಮನೆ ಖಾಲಿ ಇಲ್ಲ ಎಂದೆ. ಅವಳು ಬೋರ್ಡನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಓಕೆ ಅಮ್ಮ" ಎಂದು ತಿರುಗಿದಳು. ನಮ್ಮ ಬೀದಿಯಲ್ಲಿ ಅದಕ್ಕೆ ಮೊದಲೇ ಏಳು ಮನೆಯವರು ಇದೇ ಸುಳ್ಳು ಹೇಳಿದ್ದರೆಂದು ಆಮೇಲೆ ತಿಳಿಯಿತು. ನಾನು ಎಂಟನೆಯವಳು. ಎರಡು ಹೆಜ್ಜೆ ಹೋದವಳು ನಿಂತು, "ಬಲಗಡೆ ಹೆಗಲು ನೋವಾ ಅಮ್ಮ?" ಎಂದು ಕೇಳಿದಳು. ನಾನು ಗೇಟಿನ ಚಿಲಕವನ್ನು ಎಡಗೈಯಲ್ಲಿ ಹಾಕಿದ್ದನ್ನು ನೋಡಿದ್ದಳು.

ಆಗ ನನ್ನ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹತ್ತು ತಿಂಗಳಿನಿಂದ ತಲೆ ಬಾಚಿಕೊಳ್ಳಲು ಪಕ್ಕದ ಮನೆಯವರ ಮುಂದೆ ಬೆನ್ನು ಹಾಕಿ ಕೂರುತ್ತಿದ್ದೆ. ಹುಡುಗಿಯನ್ನು ವಾಪಸ್ ಕರೆದೆ. ಕನಿಕರದಿಂದ ಮನೆ ಕೊಟ್ಟೆ ಎಂದು ಬರೆಯಬೇಡಿ. ಹೆಗಲಿನ ನೋವಿಗೆ ಕೊಟ್ಟೆ ಎಂದು ಬರೆಯಿರಿ.

ಮಾರನೆಯ ದಿನದಿಂದ ಅವಳು ಬೆಳಿಗ್ಗೆ 5 ಗಂಟೆ 40ಕ್ಕೆ ಕೆಳಗೆ ಬರುತ್ತಾಳೆ. ಬಾಗಿಲಿನ ಮೇಲೆ ಹಗ್ಗ ಹಾಯಿಸಿ, ಒಂದು ತುದಿ ಎಡಗೈಗೆ, ಒಂದು ತುದಿ ಬಲಗೈಗೆ ಕೊಟ್ಟು ಎಳೆಸುತ್ತಾಳೆ. ಇಪ್ಪತ್ತು ನಿಮಿಷ. ಎಣಿಕೆಯನ್ನು ಕನ್ನಡದಲ್ಲಿ ಮಾಡು ಎಂದು ನಾನೇ ಕಲಿಸಿದೆ. 02-10-2024ರಂದು ನನ್ನ ತುರುಬನ್ನು ನಾನೇ ಕಟ್ಟಿಕೊಂಡೆ. ಇಲ್ಲಿಗೆ ಬಂದಾಗ ಶಿವಬಸಪ್ಪನವರು ಪೆನ್ನು ಎತ್ತಿ, "ಇದು ಕೇಸಿಗೆ ಸಂಬಂಧ ಇಲ್ರೀ, ಬಿಡೂನ್ರೀ?" ಎಂದರು. ಸಹಿ ಹಾಕಿದ ಕೈ ಇದೇ ಆದ್ದರಿಂದ ಸಂಬಂಧ ಇದೆ ಎಂದು ಹೇಳಿ ಬರೆಸಿದ್ದೇನೆ.

ಇನ್ನೊಂದನ್ನೂ ಇಲ್ಲೇ ಹೇಳಬೇಕು. ನಮ್ಮ ಮನೆಯೊಳಗೆ ಯಾರು ಬಂದರೂ ಮೊದಲು ಮಾವನವರಿಗೆ ಕೈಮುಗಿಯಬೇಕು. ಅವಳಿಗೂ ಹಾಗೆಯೇ ಹೇಳಿದೆ. ಮನೆ ಯಾರದ್ದು ಎಂದು ಕೇಳಿದಳು, ಇವರದ್ದು ಎಂದು ಫೋಟೊ ತೋರಿಸಿದೆ. ನಡುಮನೆಯಲ್ಲಿ ಚಪ್ಪಲಿ ಹಾಕಿದರೆ ಮಾವನವರಿಗೆ ಆಗುವುದಿಲ್ಲ, ಜೋರು ಹಾಡು ಹಾಕಿದರೆ ಬೈಯುತ್ತಾರೆ ಎಂದೂ ಹೇಳುತ್ತಿದ್ದೆ. ಮನೆಯಲ್ಲಿ ಎಲ್ಲರೂ ಹಾಗೆಯೇ ಮಾತಾಡುವುದು. ಫೋಟೊಕ್ಕೆ ಹಾರ ಹಾಕಿದರೆ ತೀರಿಕೊಂಡಿದ್ದಾರೆ ಎಂದು ಅವಳ ದೇಶದವರಿಗೆ ಹೇಗೆ ಗೊತ್ತಾಗಬೇಕು. ಕೆಂಗೇರಿ ಬಸ್ ನಿಲ್ದಾಣದ ಫ್ಲೆಕ್ಸ್‌ಗಳಲ್ಲಿ ಹಾರ ಹಾಕಿಕೊಂಡವರೆಲ್ಲ ಗಟ್ಟಿಮುಟ್ಟಾಗಿ ಹಲ್ಲು ಬಿಡುತ್ತಿರುತ್ತಾರೆ. ಅಜ್ಜ ಊರ ಕಡೆ ಜಮೀನಿನಲ್ಲಿ ಇರುತ್ತಾರೆ ಎಂದು ಅವಳು ತಿಳಿದಿದ್ದಳು. ನಾನು ತಿದ್ದಲಿಲ್ಲ.

ಚಿಸೋಮೊಳನ್ನು ಅವಳ ಊರಿನ ಚರ್ಚ್‌ನವರು ಚಂದಾ ಎತ್ತಿ ಓದಿಸುತ್ತಿದ್ದಾರೆ. ಶುಲ್ಕವನ್ನು ಒಬ್ಬ ಏಜೆಂಟನ ಮೂಲಕ ಕಳುಹಿಸುತ್ತಿದ್ದರು. ಕಳೆದ ಸೆಪ್ಟೆಂಬರ್‌ನಲ್ಲಿ ಅವನು ಫೋನ್ ಎತ್ತುವುದನ್ನು ನಿಲ್ಲಿಸಿದ. ಇನ್ನು ಮುಂದೆ ಹುಡುಗಿಯ ಹೆಸರಿನ ಖಾತೆಗೆ ಮಾತ್ರ ಹಾಕುತ್ತೇವೆ ಎಂದು ಚರ್ಚ್‌ನವರು ಬರೆದರು. ನಾನು ಕೈಯಿಂದ ಕಟ್ಟುತ್ತೇನೆ ಎಂದರೆ, ವಿದೇಶಿ ವಿದ್ಯಾರ್ಥಿಯ ಶುಲ್ಕ ಅವರ ಸ್ವಂತ ಖಾತೆಯಿಂದಲೇ ಬರಬೇಕು ಎಂದು ಕಾಲೇಜಿನವರು ಹೇಳಿದರು. ಕೊನೆಯ ವರ್ಷದ ಪರೀಕ್ಷಾ ಶುಲ್ಕಕ್ಕೆ ಕಡೆಯ ದಿನ 24-11-2025. ಶುಲ್ಕ ಕಟ್ಟದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ವೀಸಾ ಮುಂದುವರಿಯುವುದಿಲ್ಲ. ನಾಲ್ಕು ವರ್ಷದ ಓದನ್ನು ಇಲ್ಲಿ ಬಿಟ್ಟು ಬರಿಗೈಯಲ್ಲಿ ಹೋಗಬೇಕು.

13-10-2025, ಸೋಮವಾರ, ಬೆಳಿಗ್ಗೆ 10 ಗಂಟೆ 40ಕ್ಕೆ ನಾನೂ ಅವಳೂ ಬ್ಯಾಂಕಿಗೆ ಹೋದೆವು. ಮನೆಯಿಂದ 650 ಮೀಟರ್. ಖಾತೆ ತೆರೆಯುವ ಕೌಂಟರಿನಲ್ಲಿ ರಮ್ಯ ಎಂಬ ಹುಡುಗಿ ಇದ್ದಳು. ಪಾಸ್‌ಪೋರ್ಟ್, ವೀಸಾ, ವಾಸದ ಪರವಾನಗಿ, ಕಾಲೇಜಿನ ಪತ್ರ ಎಲ್ಲವನ್ನೂ ನೋಡಿ, ಆಧಾರ್ ಎಲ್ಲಿ ಎಂದು ಕೇಳಿದಳು. ಇವಳು ವಿದೇಶದವಳು ಎಂದೆ. "ಗೊತ್ತು ಆಂಟಿ, ಆದ್ರೂ ಆಧಾರ್ ಇಲ್ದೆ ಹೆಂಗೆ?" ಎಂದಳು. ಆಮೇಲೆ ಕಂಪ್ಯೂಟರ್‌ನಲ್ಲಿ ದೇಶಗಳ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಮೂರು ಸಲ ಉರುಳಿಸಿ, "ಮಲಾವಿ ಸಿಗ್ತಾ ಇಲ್ಲ, ಕೀನ್ಯಾ ಹಾಕ್ಲಾ? ಹತ್ರ ಅಲ್ವಾ?" ಎಂದಳು. ನಿನ್ನನ್ನು ತಮಿಳುನಾಡಿನವಳು ಎಂದು ಬರೆಯಲೇ, ಅದೂ ಹತ್ತಿರವೇ ಎಂದೆ. ನಾಲ್ಕನೇ ಸಲ ಉರುಳಿಸಿದಾಗ ಮಲಾವಿ ಸಿಕ್ಕಿತು. ಪ್ರಪಂಚ ಅಲ್ಲೇ ಇತ್ತು, ನೋಡುವವರಿಗೆ ಕಣ್ಣಿರಲಿಲ್ಲ. ಬಾಡಿಗೆ ಅಗ್ರಿಮೆಂಟ್ ತನ್ನಿ ಎಂದು 12 ಗಂಟೆ 30ಕ್ಕೆ ಕಳುಹಿಸಿದಳು.

15-10-2025ರಂದು ಅಗ್ರಿಮೆಂಟ್ ಒಯ್ದೆವು. ಅದರಲ್ಲಿ ಮನೆ ಕೊಟ್ಟವಳು ಎಂದು ನನ್ನ ಹೆಸರು, ನನ್ನ ಸಹಿ ಇದೆ. ಕರೆಂಟ್ ಬಿಲ್ಲೂ ಇದೇ ಹೆಸರಿನಲ್ಲಿ ಬೇಕು ಎಂದರು. 17-10-2025ರಂದು ಕರೆಂಟ್ ಬಿಲ್ ಒಯ್ದೆವು. ಅದರಲ್ಲಿ ಗಂಗಹನುಮಯ್ಯ ಎಂದಿದೆ. ಹಾಗಾದರೆ ಗಂಗಹನುಮಯ್ಯನವರಿಂದ, ಈ ಹುಡುಗಿ ನಮ್ಮ ಮನೆಯಲ್ಲಿ ವಾಸವಾಗಿದ್ದಾಳೆ, ನನ್ನ ಅಭ್ಯಂತರವಿಲ್ಲ ಎಂದು ಪತ್ರ ತನ್ನಿ ಎಂದು ರಮ್ಯ ಹೇಳಿದಳು. ಚಿಸೋಮೊ ಆಗ ಹಿಂದಿನ ಕುರ್ಚಿಯಲ್ಲಿದ್ದಳು. ನಾನು ತಗ್ಗಿದ ದನಿಯಲ್ಲಿ, ಅವರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು ಎಂದೆ. ರಮ್ಯ ಎದ್ದು ಮ್ಯಾನೇಜರ್ ಕೋಣೆಗೆ ಹೋದಳು. ಗಾಜಿನ ಬಾಗಿಲು ಅರ್ಧ ತೆರೆದಿತ್ತು, ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಮೋಹನ್ ಕುಮಾರ್ ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ: "ಡೆತ್ ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಅಂದ್ರೆ ಫೈಲ್ ಲೀಗಲ್‌ಗೆ ಹೋಗತ್ತೆ, ಮೂರು ತಿಂಗ್ಳು. ಆ ಅಜ್ಜನ ಹೆಸ್ರಲ್ಲೇ ಒಂದ್ ಲೆಟರ್ ಮಾಡ್ಕೊಂಡ್ ಬರಕ್ಕೆ ಹೇಳಮ್ಮ. ಒಂದ್ ಸೈನ್ ಇದ್ರೆ ಸಾಕು, ಯಾರು ನೋಡ್ತಾರೆ." ಸಮಯ ಮಧ್ಯಾಹ್ನ 3 ಗಂಟೆ 5 ನಿಮಿಷ. ಗೋಡೆಯ ಮೇಲೆ ಕ್ಯಾಮೆರಾ ಇದೆ, ತೆಗೆಸಿ ನೋಡಬಹುದು.

19-10-2025ರ ಭಾನುವಾರ ಬೆಳಿಗ್ಗೆ ಮಾವನವರ ಫೋಟೊ ಮುಂದೆ ಚಾಪೆ ಹಾಕಿ ಕುಳಿತು ಆ ಪತ್ರವನ್ನು ಕನ್ನಡದಲ್ಲಿ ಬರೆದು, ಅವರ ಸಹಿ ಹಾಕಿದೆ. ಅವರ ಸಹಿಯಲ್ಲಿ ಗ ಅಕ್ಷರ ದೊಡ್ಡದು, ಕೊನೆಯಲ್ಲಿ ಕೆಳಗೊಂದು ಗೆರೆ. ಹೆಗಲು ಸರಿಯಾದ ಮೇಲೆ ಆ ಗೆರೆ ನೆಟ್ಟಗೆ ಬರುತ್ತಿದೆ. ಚಿಸೋಮೊ ಮೆಟ್ಟಿಲಿಳಿದು ಬಂದು, "ಅಜ್ಜ ಸೈನ್ ಮಾಡಿದ್ರಾ?" ಎಂದು ಕೇಳಿದಳು. ಮಾಡಿದರು ಎಂದು ಹೇಳಿದೆ. ಅವಳು ಫೋಟೊಕ್ಕೆ ಕೈಮುಗಿದು ಥ್ಯಾಂಕ್ಯೂ ಅಜ್ಜ ಎಂದಳು. ಈ ಪ್ರಕರಣದಲ್ಲಿ ಯಾರಾದರೂ ಮೋಸ ಹೋಗಿದ್ದರೆ ಅದು ಆ ಹುಡುಗಿ, ಬ್ಯಾಂಕ್ ಅಲ್ಲ.

23-10-2025ರಂದು ಪತ್ರ ಕೊಟ್ಟೆವು. ರಮ್ಯ ಅದನ್ನು ಓದದೆ ಪಿನ್ ಹೊಡೆದಳು.

04-11-2025, ಮಂಗಳವಾರ, ಮಧ್ಯಾಹ್ನ ಬ್ಯಾಂಕಿನಿಂದ ವಿಳಾಸ ಪರಿಶೀಲನೆಗೆ ಒಬ್ಬ ಬಂದನಂತೆ. ನಾನು ಆಗ ರೇಷನ್ ಅಂಗಡಿಯಲ್ಲಿದ್ದೆ. ಇದನ್ನು ಚನ್ನಕೇಶವನೇ ಆ ಸಂಜೆ ಬೀದಿಯ ಅಂಗಡಿ ಮುಂದೆ ಹೇಳಿಕೊಂಡು ನಗುತ್ತಿದ್ದದ್ದನ್ನು ಕೇಳಿ ಹೇಳುತ್ತಿದ್ದೇನೆ. ಬಂದವನು ಗಂಗಹನುಮಯ್ಯ ಇದ್ದಾರಾ ಎಂದು ಕೇಳಿದ. ಚನ್ನಕೇಶವ, "ಇದಾರಲ್ಲ, ಬನ್ನಿ ಸಾರ್, ಗೋಡೆ ಮೇಲೆ ಆರಾಮಾಗಿದಾರೆ" ಎಂದು ಒಳಗೆ ಕರೆದುಕೊಂಡು ಹೋಗಿ ಫೋಟೊ ತೋರಿಸಿ, ಸತ್ತು ಹತ್ತೊಂಬತ್ತು ವರ್ಷವಾಯಿತು ಎಂದ. ಬಂದವನು ಫೋಟೊದ ಫೋಟೊ ಹೊಡೆದುಕೊಂಡ. ಮಹಡಿಯಲ್ಲಿ ಹುಡುಗಿಯ ಬಟ್ಟೆ ಒಣಗುತ್ತಿತ್ತು, ಬಾಗಿಲಲ್ಲಿ ಅವಳ ಚಪ್ಪಲಿ ಇತ್ತು. ಅವನು ಪರಿಶೀಲಿಸಲು ಬಂದದ್ದು ಅದನ್ನು. ಅದನ್ನು ಬಿಟ್ಟು ಉಳಿದದ್ದೆಲ್ಲ ನೋಡಿಕೊಂಡು ಹೋದ. ಚನ್ನಕೇಶವನಿಗೆ ಹಿಂಭಾಗ ಖಾಲಿಯಾದರೆ ಬಿಲ್ಡರ್‌ಗೆ ಕೊಡುವ ಆಸೆ ಇದೆ. ಅಪ್ಪನ ಹೆಸರಿನಲ್ಲಿ ಹತ್ತೊಂಬತ್ತು ವರ್ಷದಲ್ಲಿ ಅವನು ಮಾಡಿದ ಒಂದೇ ಕೆಲಸ ಇದು.

ನಾನು ಆ ಸಂಜೆಯೇ ಬ್ಯಾಂಕಿಗೆ ಹೋಗಿ ವಿಷಯ ಹೇಳಬಹುದಿತ್ತು. ಯಾರು ನೋಡುತ್ತಾರೆ ಎಂದು ಮ್ಯಾನೇಜರೇ ಹೇಳಿದ್ದಾನಲ್ಲ ಎಂದು ಸುಮ್ಮನಾದೆ.

ನಿನ್ನೆ, 13-11-2025, ಗುರುವಾರ, ಬೆಳಿಗ್ಗೆ 10 ಗಂಟೆಗೆ ಬ್ಯಾಂಕಿನಿಂದ ಚಿಸೋಮೊಳಿಗೆ ಫೋನ್ ಬಂತು. ಖಾತೆ ರೆಡಿ ಇದೆ, ಬಂದು ಸಹಿ ಮಾಡಿ ಎಂದರು. ಅವಳು ಚರ್ಚಿಗೆ ಹಾಕಿಕೊಳ್ಳುವ ನೀಲಿ ಉಡುಪು ಹಾಕಿಕೊಂಡಳು. ದಾರಿಯಲ್ಲಿ ಬೇಕರಿಯಲ್ಲಿ ಅರ್ಧ ಕೆಜಿ ಮೈಸೂರ್ ಪಾಕ್ ಕೊಂಡಳು. ಬ್ಯಾಂಕಿನವರಿಗೆ ಕೊಡಲಿಕ್ಕೆ. ಬೇಡ ಎಂದೆ, ಕೇಳಲಿಲ್ಲ. 11 ಗಂಟೆ 15ಕ್ಕೆ ಒಳಗೆ ಹೋದೆವು. ಸುಮಾರು ಇಪ್ಪತ್ತು ಜನ ಸಾಲಿನಲ್ಲಿದ್ದರು. ನಾನು ಸೋಫಾದಲ್ಲಿ ಕುಳಿತೆ. ಅವಳು ಕೌಂಟರಿನ ಮೇಲೆ ಡಬ್ಬಿ ಇಟ್ಟು ರಮ್ಯಳಿಗೆ ನಮಸ್ಕಾರ ಹೇಳಿದಳು. ರಮ್ಯ ತಲೆ ಎತ್ತಲಿಲ್ಲ.

ಮೋಹನ್ ಕುಮಾರ್ ಕೋಣೆಯಿಂದ ಹೊರಗೆ ಬಂದು, ಸಾಲಿನವರಿಗೆಲ್ಲ ಕೇಳಿಸುವ ಹಾಗೆ, ಮೊಬೈಲ್‌ನಲ್ಲಿ ಮಾವನವರ ಫೋಟೊ ತೋರಿಸಿ, ಇವರನ್ನು ನೋಡಿದ್ದೀಯಾ ಎಂದು ಕೇಳಿದರು. ಫೋಟೊದಲ್ಲಿ ಹಾರ ಕಾಣದಂತೆ ಮುಖ ಮಾತ್ರ ಕತ್ತರಿಸಿಕೊಂಡಿದ್ದರು. ಚಿಸೋಮೊ ನಗುತ್ತಾ, "ದಿನಾ ನೋಡ್ತೀನಿ ಸಾರ್. ದಿನಾ ಬೆಳಗ್ಗೆ ನಮಸ್ಕಾರ ಮಾಡ್ತೀನಿ" ಎಂದಳು. ಅದು ನಿಜ. ಆ ಬ್ಯಾಂಕಿನಲ್ಲಿ ಆ ದಿನ ನಿಜ ಹೇಳಿದವಳು ಅವಳೊಬ್ಬಳೇ. ಮೋಹನ್ ಕುಮಾರ್ ಸಾಲಿನ ಕಡೆ ತಿರುಗಿ, "ಕೇಳಿಸ್ಕೊಂಡ್ರಾ? ಸತ್ತು ಇಪ್ಪತ್ ವರ್ಷ ಆಗಿರೋರ್ನ ದಿನಾ ನೋಡ್ತಾಳಂತೆ. ಇವರೆಲ್ಲಾ ಹಿಂಗೇ ರೀ, ಫ್ರಾಡ್ ಮಾಡಕ್ಕೇ ಬರೋದು ನಮ್ ದೇಶಕ್ಕೆ" ಎಂದರು. ಜನ ನಕ್ಕರು. ಒಬ್ಬ ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕೇಳಿದ್ದೆ. ವರ ಕೊಡದೆ ಮಂಗಳಾರತಿ ಮಾಡಿ ಕಳುಹಿಸುವ ಪೂಜಾರಿಯನ್ನು ನಿನ್ನೆ ನೋಡಿದೆ.

ಮೋಹನ್ ಕುಮಾರ್ ಆ ಪತ್ರವನ್ನು ಅವಳ ಮುಖದ ಹತ್ತಿರ ಹಿಡಿದು, ಇದಕ್ಕೆ ಸಹಿ ಹಾಕಿದ್ದು ಯಾರು ಎಂದು ಮೂರು ಸಲ ಕೇಳಿದರು. ಚಿಸೋಮೊ ನನ್ನ ಕಡೆ ತಿರುಗಿ ನೋಡಿದಳು. ನಮ್ಮಿಬ್ಬರ ನಡುವೆ ಹತ್ತು ಅಡಿ ಇತ್ತು. ಅಜ್ಜ ಬದುಕಿಲ್ಲ ಎಂದು ಅವಳಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಸಹಿ ಯಾರದ್ದೆಂದು ತಿಳಿದದ್ದೂ ಅದೇ ಗಳಿಗೆಯಲ್ಲಿ.

ನಾನು ಬಾಯಿ ಬಿಡಲಿಲ್ಲ.

ಇದನ್ನು ಸರಿಯಾಗಿ ಬರೆದುಕೊಳ್ಳಿ. ನಾನು ಅಲ್ಲೇ ಇದ್ದೆ, ನನಗೆ ಕಿವಿ ಕೇಳಿಸುತ್ತಿತ್ತು, ಗಂಟಲು ಸರಿಯಾಗಿತ್ತು, ಆದರೂ ಬಾಯಿ ಬಿಡಲಿಲ್ಲ. ಮೀಟರಿನ ಕಾಗದ, ನೀರಿನ ಕಾಗದ, ಹತ್ತೊಂಬತ್ತು ವರ್ಷದ್ದೆಲ್ಲ ಹೊರಗೆ ಬರುತ್ತದೆ, ಚನ್ನಕೇಶವ ಮನೆಯಿಂದ ಎಬ್ಬಿಸುತ್ತಾನೆ ಎಂದು ಹೆದರಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಎಡಗೈ ಬಲ ಹೆಗಲಿನ ಮೇಲಿರುವುದನ್ನು ನಾನು ಆಮೇಲೆ ನೋಡಿಕೊಂಡೆ. ಮೋಹನ್ ಕುಮಾರ್ ಬಗ್ಗೆ ಇಷ್ಟು ಹೊತ್ತು ಆಡಿದ ಮಾತಿನಲ್ಲಿ ಅರ್ಧ ನನಗೂ ಸಲ್ಲುತ್ತದೆ.

ಚಿಸೋಮೊ ನನ್ನಿಂದ ಕಣ್ಣು ತೆಗೆದು, ಗೊತ್ತಿಲ್ಲ ಸಾರ್ ಎಂದಳು. 12 ಗಂಟೆ 5ಕ್ಕೆ ಪೊಲೀಸರು ಬಂದು ಕರೆದುಕೊಂಡು ಹೋದರು. ನಾನು ಬಾಗಿಲಲ್ಲಿ ತಿರುಗಿ ನೋಡಿದಾಗ ಸೆಕ್ಯೂರಿಟಿಯವನು ಮೈಸೂರ್ ಪಾಕ್ ಡಬ್ಬಿ ಬಿಚ್ಚಿ ಕೌಂಟರಿನವರಿಗೆ ಹಂಚುತ್ತಿದ್ದ. ಮೋಹನ್ ಕುಮಾರ್ ಎರಡು ತುಂಡು ತೆಗೆದುಕೊಂಡರು. ಫ್ರಾಡ್ ಮಾಡುವವರ ಸಿಹಿ ಎಂದು ಬಿಡಲಿಲ್ಲ.

ಅವಳು ಠಾಣೆಯ ಬೆಂಚಿನ ಮೇಲೆ ಸಂಜೆ 6 ಗಂಟೆ 40ರವರೆಗೆ ಕುಳಿತಿದ್ದಳು. ಕಾಲೇಜಿನ ವಾರ್ಡನ್ ಬಂದು ಬರೆದುಕೊಟ್ಟ ಮೇಲೆ ಮನೆಗೆ ಕಳುಹಿಸಿದರು, ಪಾಸ್‌ಪೋರ್ಟ್ ಇಟ್ಟುಕೊಂಡರು. ದೂರು ಹಾಗೇ ಉಳಿದರೆ ವಿದೇಶಿಯರ ನೋಂದಣಿ ಕಚೇರಿಗೆ ವರದಿ ಹೋಗುತ್ತದೆ, ಆಮೇಲೆ ಖಾತೆಯೂ ಇಲ್ಲ, ಪರೀಕ್ಷೆಯೂ ಇಲ್ಲ ಎಂದು ವಾರ್ಡನ್ ಗೇಟಿನಲ್ಲಿ ನನಗೆ ಹೇಳಿ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚಿಸೋಮೊ ನನ್ನನ್ನು ದಾಟಿ ಮೆಟ್ಟಿಲು ಹತ್ತಿ ಹೋದಳು.

ಇನ್ನು ಅವಳು ಕೆಳಗೆ ಬರುವುದಿಲ್ಲ ಎಂದುಕೊಂಡೆ. ಈ ದಿನ ಬೆಳಿಗ್ಗೆ 5 ಗಂಟೆ 40ಕ್ಕೆ ಬಾಗಿಲು ತಟ್ಟಿದಳು. ಮಾವನವರ ಫೋಟೊ ಮುಂದೆ ಎಂದಿನಂತೆ ಕೈಮುಗಿದಳು, ಆದರೆ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಹಗ್ಗ ಹಾಯಿಸಿ ನನ್ನ ಕೈಗೆ ಕೊಟ್ಟು, ಒಂದು, ಎರಡು, ಮೂರು ಎಂದು ಇಪ್ಪತ್ತರವರೆಗೆ ಕನ್ನಡದಲ್ಲಿ ಎಣಿಸಿದಳು. "ನೋವು ಇದೆಯಾ ಅಮ್ಮ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಅವಳು ಹಗ್ಗ ಸುತ್ತಿಟ್ಟು ಹೋದಳು. ನಾನು ತುರುಬು ಕಟ್ಟಿಕೊಂಡು, ಮಾವನವರ ಪೆಟ್ಟಿಗೆಯಿಂದ ಕಾಗದ ತೆಗೆದುಕೊಂಡು, 1 ಕಿಲೋಮೀಟರ್ 100 ಮೀಟರ್ ನಡೆದು ಇಲ್ಲಿಗೆ ಬಂದೆ.

ಹೇಳಿಕೆಯ ಜೊತೆಗೆ ಎರಡು ದಾಖಲೆ ಕೊಡುತ್ತಿದ್ದೇನೆ. ಒಂದು, ಮಾವನವರ ಪಾಸ್‌ಬುಕ್. ಎರಡು, 03-04-2006ರಂದು ಬ್ಯಾಂಕಿಗೆ ಕೊಟ್ಟ ಮರಣ ಪ್ರಮಾಣಪತ್ರದ ನಕಲು, ಅದರ ಮೇಲೆ ಸ್ವೀಕರಿಸಲಾಗಿದೆ ಎಂದು ಅದೇ ಶಾಖೆಯ ಮೊಹರು ಇದೆ. ಗಂಗಹನುಮಯ್ಯನವರು ಸತ್ತಿದ್ದಾರೆ ಎಂದು ಬ್ಯಾಂಕಿಗೆ ಹತ್ತೊಂಬತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ಅವರಿಂದ ಪತ್ರ ಕೇಳಿದರು, ಗೊತ್ತಿದ್ದೂ ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದಾರೆ. ಸತ್ತವರಿಗೆ ಆ ಶಾಖೆಯಲ್ಲಿ ಖಾತೆ ಇದೆ. ಬದುಕಿ, ಎದುರಿಗೆ ನಿಂತು, ನಮಸ್ಕಾರ ಹೇಳಿದವಳಿಗೆ ಇಲ್ಲ.

ನನ್ನ ಮೇಲೆ ಯಾವ ಕೇಸು ಹಾಕುತ್ತೀರೋ ಹಾಕಿ. ಚನ್ನಕೇಶವ ಮನೆಯಿಂದ ಎಬ್ಬಿಸಿದರೂ ಎಬ್ಬಿಸಲಿ. ಚಿಸೋಮೊ ಹೆಸರನ್ನು ದೂರಿನಿಂದ ತೆಗೆದು, ಪಾಸ್‌ಪೋರ್ಟನ್ನು ಈ ದಿನವೇ ಅವಳ ಕೈಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಕಡೆಯದಾಗಿ ಇದನ್ನು ಬೇರೆ ಸಾಲಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ ಎಂದು ಶಿವಬಸಪ್ಪನವರನ್ನು ಕೇಳಿಕೊಂಡಿದ್ದೇನೆ. ಮಲಾವಿ ದೇಶದ ಚಿಸೋಮೊ ಫಿರಿ ಎಂಬುವಳು ದಿನಾಂಕ 09-06-2024ರಿಂದ ಈ ದಿನದವರೆಗೆ ಕೆಂಗೇರಿ ಹಳೇ ಊರು, ಮೂರನೇ ಅಡ್ಡರಸ್ತೆ, ಮನೆ ನಂಬರ್ 27ರ ಮಹಡಿಯಲ್ಲಿ ಬಾಡಿಗೆಗೆ ವಾಸವಾಗಿದ್ದಾಳೆ. ಬ್ಯಾಂಕಿನವರು ಒಂದು ತಿಂಗಳಿಂದ ಕೇಳುತ್ತಿದ್ದದ್ದು ಈ ಒಂದು ಸಾಲನ್ನು. ಸಾಲು ಇಲ್ಲಿದೆ, ಹೇಳಿದವಳು ಬದುಕಿದ್ದಾಳೆ. ಇದರ ಒಂದು ಪ್ರತಿಗೆ ಠಾಣೆಯ ಮೊಹರು ಹಾಕಿ ಕೊಡಿ. ಬ್ಯಾಂಕ್ ಮಧ್ಯಾಹ್ನ 4 ಗಂಟೆಯವರೆಗೆ ಇರುತ್ತದೆ. ಇದನ್ನು ನಾನೇ ತೆಗೆದುಕೊಂಡು ಹೋಗಿ, ಸಾಲಿನವರಿಗೆಲ್ಲ ಕೇಳಿಸುವ ಹಾಗೆ ಓದಿ, ಮೋಹನ್ ಕುಮಾರ್ ಕೈಗೆ ವಿಳಾಸದ ಪುರಾವೆ ಎಂದು ಕೊಡುತ್ತೇನೆ.

ಶಿವಬಸಪ್ಪನವರು ಬರೆದದ್ದನ್ನು ಮೊದಲಿಂದ ಕಡೆಯವರೆಗೆ ಓದಿ ಹೇಳಿದರು, ನಾನು ಕೇಳಿದೆ. ನಾನು ಹೇಳಿದ್ದಕ್ಕಿಂತ ಇದರಲ್ಲಿ ಹೆಚ್ಚೇನೂ ಇಲ್ಲ. ಮೋಹನ್ ಕುಮಾರ್ ಬಗ್ಗೆ ಮಾತ್ರ ಸ್ವಲ್ಪ ಕಡಿಮೆ ಇದೆ, ಕೆಲವು ಮಾತನ್ನು ಅವರು ಬರೆಯಲು ಒಪ್ಪಲಿಲ್ಲ. ಉಳಿದದ್ದೆಲ್ಲ ನಿಜ.

ಸ್ಥಳ: ಕೆಂಗೇರಿ
ದಿನಾಂಕ: 14-11-2025, ಬೆಳಿಗ್ಗೆ 10 ಗಂಟೆ 25 ನಿಮಿಷ

ಸಹಿ: ವಿಮಲಮ್ಮ

ಹೋಲಿಸಿ ನೋಡಲು ಪೊಲೀಸರು ಕೇಳಿದ ಮಾದರಿ ಸಹಿ: ಗಂಗಹನುಮಯ್ಯ
ಹಾಕಿದವಳು ವಿಮಲಮ್ಮ, ಬಲಗೈಯಲ್ಲಿ. ಇದೇ ಕಡೆಯದು.